ಕೋಶಕ್ಕೆ ಕೇಳಿಸಿದ್ದು ಯಾರ ದನಿ? ಹಣ್ಣುನೊಣದ ರೆಕ್ಕೆ ಡಿಸ್ಕ್‌ನಲ್ಲಿ ಒಂದನ್ನೊಂದು ಹೋಲುವ ಸಂಕೇತಗಳನ್ನು ಬಿಡಿಸಿ ನೋಡುವ ಬಗೆ

ಹಣ್ಣುನೊಣದ ಲಾರ್ವಾದ ರೆಕ್ಕೆ ಡಿಸ್ಕ್‌ಗೆ, ಅಂದರೆ ಮುಂದೆ ರೆಕ್ಕೆಯಾಗುವ ಕೋಶಪದರಕ್ಕೆ, ಪಿ-ಮ್ಯಾಡ್ (ಫಾಸ್ಫೇಟ್ ಅಂಟಿದ ಮ್ಯಾಡ್ ಪ್ರೋಟೀನ್) ಗುರುತಿಸುವ ಆಂಟಿಬಾಡಿ ಹಾಕಿದಿರಿ, ನಡುವೆ ಪಟ್ಟೆ ಹೊಳೆಯಿತು. ಇದರಿಂದ ತಿಳಿಯುವುದು ಒಂದೇ ಸಂಗತಿ: ಆ ಕೋಶಗಳಲ್ಲಿ ಮ್ಯಾಡ್ ಪ್ರೋಟೀನಿನ ಬಾಲಕ್ಕೆ ಫಾಸ್ಫೇಟ್ ಅಂಟಿದೆ. ಅಂಟಿಸಿದ್ದು ಯಾವ ರಿಸೆಪ್ಟರ್ (ಕೋಶದ ಪೊರೆಯ ಮೇಲಿನ ಗ್ರಾಹಕ ಪ್ರೋಟೀನ್), ಅದನ್ನು ಎಬ್ಬಿಸಿದ್ದು ಯಾವ ಲಿಗ್ಯಾಂಡ್ (ಹೊರಗಿನಿಂದ ಬರುವ ಸಂಕೇತದ ಅಣು) ಎಂಬುದು ಪಟ್ಟೆಯಲ್ಲಿ ಬರೆದಿರುವುದಿಲ್ಲ. ಅದನ್ನು ತಿಳಿಯಬೇಕಾದರೆ ದಾರಿಗಳನ್ನು ಒಂದೊಂದಾಗಿ ಕಡಿಯಬೇಕು (ಅಂದರೆ ಆ ದಾರಿಯ ಜೀನ್ ಕೆಲಸ ಮಾಡದಂತೆ ತಡೆಯಬೇಕು), ಆಮೇಲೆ ಎರಡೆರಡಾಗಿ ಕಡಿಯಬೇಕು. ಎರಡನೆಯದನ್ನು ಬಿಟ್ಟವರೇ ಹೆಚ್ಚಾಗಿ ತಪ್ಪು ತೀರ್ಮಾನಕ್ಕೆ ಬರುವುದು. ಯಾಕೆ ಎಂಬುದು ಮುಂದೆ ಬರುತ್ತದೆ.

ಮೊದಲು ಪಾತ್ರಧಾರಿಗಳು. ಟಿಜಿಎಫ್-ಬೀಟಾ ಎಂಬ ಸಂಕೇತ ಪ್ರೋಟೀನುಗಳ ಕುಟುಂಬಕ್ಕೆ ಹಣ್ಣುನೊಣದಲ್ಲಿ ಎರಡು ಕವಲು. ಬಿಎಂಪಿ ಕವಲಿನಲ್ಲಿ ಡಿಪಿಪಿ, ಜಿಬಿಬಿ ಮತ್ತು ಸ್ಕ್ರೂ ಎಂಬ ಲಿಗ್ಯಾಂಡ್‌ಗಳಿವೆ. ಇವನ್ನು ಹಿಡಿಯುವ ಟೈಪ್-1 ರಿಸೆಪ್ಟರ್‌ಗಳು ಥಿಕ್‌ವೇನ್ಸ್ ಮತ್ತು ಸ್ಯಾಕ್ಸೊಫೋನ್, ಒಳಗೆ ಸುದ್ದಿ ಒಯ್ಯುವುದು ಮ್ಯಾಡ್. ಆಕ್ಟಿವಿನ್ ಕವಲಿನಲ್ಲಿ ಆಕ್ಟಿವಿನ್-ಬೀಟಾ, ಡಾಡಲ್, ಮಯೋಗ್ಲಿಯಾನಿನ್ ಇವೆ. ರಿಸೆಪ್ಟರ್ ಬಬೂನ್, ಸುದ್ದಿಗಾರ ಸ್ಮ್ಯಾಡ್2. ಟೈಪ್-2 ರಿಸೆಪ್ಟರ್‌ಗಳಾದ ಪಂಟ್ ಮತ್ತು ವಿಟ್ ಎರಡೂ ಕವಲಿಗೆ ದುಡಿಯುತ್ತವೆ. ಮೀಡಿಯಾ ಎಂಬ ಸಹ-ಸ್ಮ್ಯಾಡ್ ಕೂಡ ಹಾಗೆಯೇ. ಆದ್ದರಿಂದ ಪಂಟ್ ಅಥವಾ ಮೀಡಿಯಾವನ್ನು ಕಡಿದು ನೋಡುವ ಪ್ರಯೋಗದಿಂದ ನಮ್ಮ ಪ್ರಶ್ನೆಗೆ ಏನೂ ಉತ್ತರ ಸಿಗುವುದಿಲ್ಲ. ಎರಡೂ ಕವಲು ಒಟ್ಟಿಗೆ ಕುಸಿಯುತ್ತವೆ, ಅಷ್ಟೆ.

ಲಿಗ್ಯಾಂಡ್‌ಗಳ ಹೋಲಿಕೆ ಎಷ್ಟೆಂದರೆ, ಮನುಷ್ಯರ ಬಿಎಂಪಿ-4 ಭಾಗ ಡಿಪಿಪಿ ಇಲ್ಲದ ನೊಣದ ಭ್ರೂಣದಲ್ಲಿ ಬೆನ್ನು-ಹೊಟ್ಟೆ ವಿನ್ಯಾಸವನ್ನು ಸರಿಪಡಿಸಬಲ್ಲದು ಎಂದು 1993ರಲ್ಲೇ ತೋರಿಸಿದ್ದರು. ಇಷ್ಟು ಹತ್ತಿರದ ಅಣುಗಳನ್ನು ಕೋಶ ಬೇರೆ ಮಾಡುವುದು ಒಂದೇ ಬಾಗಿಲಲ್ಲಿ ಅಲ್ಲ, ನಾಲ್ಕು ಕಡೆ: ಹೊರಗೆ ಯಾವ ಲಿಗ್ಯಾಂಡ್ ಎಷ್ಟು ತಲುಪುತ್ತದೆ, ಪೊರೆಯ ಮೇಲೆ ಯಾವ ರಿಸೆಪ್ಟರ್ ಇದೆ, ಒಳಗೆ ಯಾವ ಸುದ್ದಿಗಾರ ಎಷ್ಟಿದ್ದಾನೆ, ಕೋಶಕೇಂದ್ರದಲ್ಲಿ ಯಾವ ಜೀನ್‌ಗಳು ಓದಿಸಿಕೊಳ್ಳಲು ತೆರೆದಿವೆ. ಪ್ರಯೋಗ ಹೂಡುವ ಮುನ್ನ ನೀವು ಕೇಳುತ್ತಿರುವುದು ಇವುಗಳಲ್ಲಿ ಯಾವ ಪ್ರಶ್ನೆ ಎಂದು ಕಾಗದದ ಮೇಲೆ ಒಂದು ಸಾಲು ಬರೆದುಕೊಳ್ಳಿ. ಮಾಡಬೇಕಾದ ಕ್ರಾಸ್‌ಗಳ (ಬೇರೆಬೇರೆ ತಳಿಯ ನೊಣಗಳನ್ನು ಕೂಡಿಸುವುದರ) ಪಟ್ಟಿ ಅರ್ಧಕ್ಕೆ ಇಳಿಯುತ್ತದೆ.

ಯಾವ ನೊಣಗಳು ಬೇಕು

ಗ್ಯಾಲ್4 ಪ್ರೋಟೀನ್ ಇರುವ ಕೋಶಗಳಲ್ಲಿ ಮಾತ್ರ ಯುಎಎಸ್ ತುಣುಕು ಜೋಡಿಸಿದ ಜೀನ್ ಹೊತ್ತಿಕೊಳ್ಳುವುದು ಗ್ಯಾಲ್4-ಯುಎಎಸ್ ವ್ಯವಸ್ಥೆ. ಅದರಲ್ಲಿ ಎಚ್ಎಚ್-ಗ್ಯಾಲ್4 ಅಥವಾ ಇಎನ್-ಗ್ಯಾಲ್4 ಆರಿಸಿ. ಎರಡೂ ಡಿಸ್ಕ್‌ನ ಹಿಂಭಾಗದಲ್ಲಿ ಮಾತ್ರ ಕೆಲಸ ಮಾಡುತ್ತವೆ, ಮುಂಭಾಗ ಅದೇ ಡಿಸ್ಕ್‌ನೊಳಗಿನ ಕಂಟ್ರೋಲ್ ಆಗಿ ಉಳಿಯುತ್ತದೆ. ಬಣ್ಣ ಹಾಕುವಾಗಿನ ಏರುಪೇರು, ಲಾರ್ವಾದ ವಯಸ್ಸಿನ ವ್ಯತ್ಯಾಸ, ಮೈಕ್ರೊಸ್ಕೋಪಿನ ಲೇಸರ್ ಏರಿಳಿತ ಎಲ್ಲವೂ ಎರಡೂ ಅರ್ಧಕ್ಕೆ ಒಂದೇ ಸಮ. ಜೊತೆಗೆ ಟ್ಯೂಬ್-ಗ್ಯಾಲ್80-ಟಿಎಸ್ ಇರಲೇಬೇಕು. 18 ಡಿಗ್ರಿಯಲ್ಲಿ ಗ್ಯಾಲ್80 ಗ್ಯಾಲ್4 ಅನ್ನು ಹಿಡಿದಿಡುತ್ತದೆ, 29 ಡಿಗ್ರಿಯಲ್ಲಿ ಬಿಟ್ಟುಬಿಡುತ್ತದೆ. ಇದಿಲ್ಲದೆ ಥಿಕ್‌ವೇನ್ಸ್ ಆರ್‌ಎನ್‌ಎಐ (ಜೀನಿನ ಸಂದೇಶವನ್ನು ನಾಶಮಾಡಿ ಅದನ್ನು ಕಡಿಯುವ ಆರ್‌ಎನ್‌ಎ) ಹಾಕಿದರೆ ಹಿಂಭಾಗದ ಪೌಚ್ (ಡಿಸ್ಕ್‌ನಲ್ಲಿ ರೆಕ್ಕೆಯ ಹಾಳೆಯಾಗುವ ಭಾಗ) ಬೆಳೆಯುವುದೇ ಇಲ್ಲ. ಡಿಪಿಪಿ ಸಂಕೇತ ಕಳೆದುಕೊಂಡ ಕೋಶಗಳು ಪದರದಿಂದ ಹೊರಕ್ಕೆ ತಳ್ಳಿಸಿಕೊಳ್ಳುತ್ತವೆ. ಆಗ ‘ಪಿ-ಮ್ಯಾಡ್ ಇಲ್ಲ’ ಎಂದು ಬರೆದುಕೊಳ್ಳುತ್ತೀರಿ, ನಿಜದಲ್ಲಿ ಕೋಶವೇ ಇರುವುದಿಲ್ಲ.

ಆರ್‌ಎನ್‌ಎಐ ಲೈನ್‌ಗಳು: ಥಿಕ್‌ವೇನ್ಸ್, ಸ್ಯಾಕ್ಸೊಫೋನ್, ಬಬೂನ್, ಸ್ಮ್ಯಾಡ್2, ಮ್ಯಾಡ್. ಪ್ರತಿಯೊಂದಕ್ಕೂ ಜೀನಿನ ಬೇರೆಬೇರೆ ಭಾಗಕ್ಕೆ ಗುರಿಯಿಟ್ಟ ಎರಡು ಲೈನ್ ತರಿಸಿ. ಉದ್ದ ಹೇರ್‌ಪಿನ್ (ಮಡಚಿಕೊಂಡ ಆರ್‌ಎನ್‌ಎ) ಲೈನ್ ಆಗಿದ್ದರೆ ಯುಎಎಸ್-ಡೈಸರ್2 ಸೇರಿಸಿದರೆ ಬಲ ಬರುತ್ತದೆ. ಚಿಕ್ಕ ಹೇರ್‌ಪಿನ್ ಲೈನ್‌ಗೆ ಅದರಿಂದ ಪ್ರಯೋಜನವಿಲ್ಲ. ಕಂಟ್ರೋಲ್ ಆಗಿ ಎಂಚೆರಿ (ನೊಣದಲ್ಲಿಲ್ಲದ, ಕೆಂಪಗೆ ಹೊಳೆಯುವ ಪ್ರೋಟೀನ್) ಆರ್‌ಎನ್‌ಎಐ ಬಳಸಿ, ಅದೇ ಜಾಗದಲ್ಲಿ ಕೂರಿಸಿದ್ದು. ವಿಯೆನ್ನಾ ಸಂಗ್ರಹದ ಕೆಕೆ ಲೈನ್‌ಗಳ ಬಗ್ಗೆ ಒಂದು ಎಚ್ಚರ: ಅವುಗಳಲ್ಲಿ ಕೆಲವಕ್ಕೆ 40ಡಿ ಎಂಬ ಜಾಗದಲ್ಲಿಯೂ ತುಣುಕು ಕೂತಿರುತ್ತದೆ, ಅದು ಟಿಪ್‌ಟಾಪ್ ಎಂಬ ಜೀನನ್ನು ಬೇಡದ ಕಡೆ ಎಬ್ಬಿಸಿ ತನ್ನದೇ ದೋಷ ತೋರಿಸುತ್ತದೆ. ಕ್ರಾಸ್ ಮಾಡುವ ಮುಂಚೆ ಪಿಸಿಆರ್ ಮಾಡಿ ನೋಡಿಕೊಳ್ಳಿ.

ಲಾರ್ವಾ ಆರಿಸುವಾಗ ಬ್ಯಾಲೆನ್ಸರ್ (ತಳಿ ಉಳಿಸಲು ಇಟ್ಟ, ಗುರುತು ಹೊತ್ತ ಕ್ರೋಮೊಸೋಮ್) ಕಾಣಬೇಕಲ್ಲ. ಮೂರನೇ ಕ್ರೋಮೊಸೋಮಿಗೆ ಟಿಎಂ6ಬಿ, ಟಬ್ಬಿ ಗುರುತು ಇದ್ದರೆ ಗಿಡ್ಡ ದಪ್ಪ ಲಾರ್ವಾಗಳನ್ನು ಕೈಬಿಡುವುದು ಸುಲಭ. ಎರಡನೆಯದಕ್ಕೆ ಸಾದಾ ಸಿವೈಒ ಇದ್ದರೆ ಲಾರ್ವಾದಲ್ಲಿ ಗುರುತೇ ಸಿಗದು. ಜಿಎಫ್‌ಪಿ (ಹಸಿರಾಗಿ ಹೊಳೆಯುವ ಪ್ರೋಟೀನ್) ಇರುವ ಸಿವೈಒಗೆ ಬದಲಾಯಿಸಿಕೊಂಡೇ ಮುಂದುವರಿಯಿರಿ.

ವಯಸ್ಸು ಮತ್ತು ಉಷ್ಣತೆ

ಮೊಟ್ಟೆ ಇಡಿಸುವುದು 4 ರಿಂದ 6 ಗಂಟೆ ಮಾತ್ರ. ರಾತ್ರಿಯೆಲ್ಲ ಬಿಟ್ಟರೆ ಒಂದೇ ಬಾಟಲಿಯಲ್ಲಿ ಅರ್ಧ ದಿನದ ವ್ಯತ್ಯಾಸದ ಲಾರ್ವಾಗಳು ಸಿಗುತ್ತವೆ, ಪಿ-ಮ್ಯಾಡ್ ಪಟ್ಟೆಯ ಅಗಲವೋ ಡಿಸ್ಕ್ ಬೆಳೆದಂತೆ ಬೆಳೆಯುವಂಥದ್ದು. 18 ಡಿಗ್ರಿಯಲ್ಲಿ ಬೆಳೆಸಿ, ಡಿಸೆಕ್ಷನ್‌ಗೆ 24 ರಿಂದ 36 ಗಂಟೆ ಮುಂಚೆ 29ಕ್ಕೆ ಸಾಗಿಸಿ. ಹೊಸ ಪ್ರೋಟೀನ್ ತಯಾರಿ ನಿಂತರೂ ಹಳೆಯದು ಕೆಲವು ಗಂಟೆ ಉಳಿಯುತ್ತದೆ. 12 ಗಂಟೆಗೆ ಏನೂ ಕಾಣಲಿಲ್ಲವೆಂದು ಲೈನ್ ಎಸೆಯಬೇಡಿ. ಹೀಗೆ ಉಷ್ಣತೆ ಬದಲಿಸಿದ ಮೇಲೆ ಗಂಟೆಗಳ ಲೆಕ್ಕ ನಂಬುವಂತಿಲ್ಲ, ಲಾರ್ವಾದ ನಡವಳಿಕೆ ನೋಡಿ. ಆಹಾರಕ್ಕೆ 0.05 ಶೇಕಡಾ ಬ್ರೋಮೊಫಿನಾಲ್ ಬ್ಲೂ ಬೆರೆಸಿದರೆ ಕರುಳು ನೀಲಿಯಾಗಿ ಕಾಣುತ್ತದೆ. ಗೋಡೆ ಹತ್ತಿದ ಲಾರ್ವಾದ ಕರುಳಿನಲ್ಲಿ ನೀಲಿ ಇನ್ನೂ ಗಾಢವಾಗಿದ್ದರೆ ಅದು ಈಗಷ್ಟೇ ತಿನ್ನುವುದನ್ನು ಬಿಟ್ಟಿದೆ, ತಿಳಿಯಾಗಿದ್ದರೆ ಪ್ಯೂಪಾ ಆಗುವ ಹೊತ್ತು ಹತ್ತಿರ. ಯಾವ ಹಂತವಾದರೂ ಸರಿ, ಎಲ್ಲ ಗುಂಪಿಗೂ ಒಂದೇ ಇರಲಿ.

ಡಿಸೆಕ್ಷನ್ ಮತ್ತು ಬಣ್ಣ

ಲಾರ್ವಾವನ್ನು ತಣ್ಣನೆಯ ಪಿಬಿಎಸ್‌ನಲ್ಲಿ ನಡುವೆ ಕತ್ತರಿಸಿ, ತಲೆಯ ಅರ್ಧವನ್ನು ಕಾಲುಚೀಲ ತಿರುವಿದಂತೆ ಒಳಗನ್ನು ಹೊರಕ್ಕೆ ತಿರುವಿ. ಕೊಬ್ಬು, ಕರುಳು, ಲಾಲಾಗ್ರಂಥಿ ತೆಗೆಯಿರಿ. ಡಿಸ್ಕ್‌ಗಳು ಟ್ರೇಕಿಯಾಕ್ಕೆ (ಉಸಿರುನಾಳಕ್ಕೆ) ಅಂಟಿಕೊಂಡೇ ಇರಲಿ, ಕೊನೆಯಲ್ಲಿ ಬಿಡಿಸಿದರಾಯಿತು. ಒಂದು ಬ್ಯಾಚ್ 10 ರಿಂದ 15 ನಿಮಿಷ ಮೀರಬಾರದು. 4 ಶೇಕಡಾ ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಕೋಣೆಯ ಉಷ್ಣತೆಯಲ್ಲಿ 20 ನಿಮಿಷ ಫಿಕ್ಸ್ ಮಾಡಿ. 0.3 ಶೇಕಡಾ ಟ್ರೈಟಾನ್ ಇರುವ ಪಿಬಿಎಸ್‌ನಲ್ಲಿ 10 ನಿಮಿಷದಂತೆ ಮೂರು ಸಲ ತೊಳೆದು, 5 ಶೇಕಡಾ ಆಡಿನ ಸೀರಂನಲ್ಲಿ ಅರ್ಧದಿಂದ ಒಂದು ಗಂಟೆ ಬ್ಲಾಕ್ ಮಾಡಿ. ಮೊದಲ ಆಂಟಿಬಾಡಿ 4 ಡಿಗ್ರಿಯಲ್ಲಿ ರಾತ್ರಿಯಿಡೀ, ಎರಡನೆಯದು ಕೋಣೆಯಲ್ಲಿ 2 ಗಂಟೆ.

ಆಂಟಿಬಾಡಿಯ ಬಗ್ಗೆ ಎರಡು ಮಾತು. ಮ್ಯಾಡ್ ಮತ್ತು ಸ್ಮ್ಯಾಡ್2 ಬಾಲಗಳು ಎಷ್ಟು ಹೋಲುತ್ತವೆಂದರೆ, ಬೆನ್ನೆಲುಬಿನ ಪ್ರಾಣಿಗಳ ಪಿ-ಸ್ಮ್ಯಾಡ್3ಗೆಂದು ಮಾರುವ ಆಂಟಿಬಾಡಿಯೊಂದನ್ನು ನೊಣದವರು ಪಿ-ಮ್ಯಾಡ್ ನೋಡಲು ಬಳಸುತ್ತಾರೆ. ಆದ್ದರಿಂದ ಬಾಟಲಿಯ ಮೇಲಿನ ಹೆಸರಿಗೆ ಬೆಲೆ ಕೊಡಬೇಡಿ. ಮ್ಯಾಡ್ ಆರ್‌ಎನ್‌ಎಐ ಹಾಕಿದ ಹಿಂಭಾಗದಲ್ಲಿ ಸಿಗ್ನಲ್ ಮಾಯವಾಗಬೇಕು, ಸ್ಮ್ಯಾಡ್2 ಆರ್‌ಎನ್‌ಎಐ ಹಾಕಿದಲ್ಲಿ ಮಾಯವಾಗಬಾರದು. ಇಷ್ಟು ಖಾತ್ರಿಯಾದ ಮೇಲೆಯೇ ಆ ಬಾಟಲಿ ನಿಮ್ಮದು.

ಫಾಸ್ಫೇಟ್ ಉಳಿಯುವುದೂ ಮುಖ್ಯ. ಪಿ-ಮ್ಯಾಡ್‌ನಲ್ಲಿ ಅದು ಸೆರೀನ್ ಮೇಲೆ ಕೂತಿರುತ್ತದೆ, ಅದಕ್ಕೆ ಸೋಡಿಯಂ ಫ್ಲೋರೈಡ್ 10 ಮಿಲಿಮೋಲಾರ್ ಸಾಕು. ಮುಂದೆ ಬರುವ ಡಿಪಿ-ಇಆರ್‌ಕೆಯಲ್ಲಿ (ಎರಡು ಫಾಸ್ಫೇಟ್ ಅಂಟಿದ ಇಆರ್‌ಕೆ ಪ್ರೋಟೀನಿನಲ್ಲಿ) ಥ್ರಿಯೊನಿನ್ ಮತ್ತು ಟೈರೊಸಿನ್ ಎರಡರ ಮೇಲೂ ಫಾಸ್ಫೇಟ್ ಇರಬೇಕು, ಆಗ 1 ಮಿಲಿಮೋಲಾರ್ ಸೋಡಿಯಂ ಆರ್ಥೊವನಡೇಟ್ ಕೂಡ ಬೇಕು. ಡಿಪಿ-ಇಆರ್‌ಕೆ ನಿಮಿಷಗಳಲ್ಲಿ ಇಳಿದುಹೋಗುತ್ತದೆ, ತಿರುವಿದ ಲಾರ್ವಾವನ್ನು ನೇರ ಫಿಕ್ಸ್‌ಗೇ ಹಾಕಿ.

ಚಿತ್ರ ತೆಗೆಯುವಾಗ ಪೌಚ್ ಮೇಲೆ ಹೊದಿಕೆಯಂತೆ ಇರುವ ಪೆರಿಪೋಡಿಯಲ್ ಪದರವನ್ನು ಮರೆಯಬೇಡಿ. ಅದರ ಕೋಶಕೇಂದ್ರಗಳು ದೊಡ್ಡವು, ಚಪ್ಪಟೆ, ಒಂದಕ್ಕೊಂದು ದೂರ. ಅವೂ ಪಿ-ಮ್ಯಾಡ್ ತೋರಿಸಬಹುದು. ಇಡೀ ಸ್ಟ್ಯಾಕನ್ನು (ಬೇರೆಬೇರೆ ಆಳದಲ್ಲಿ ತೆಗೆದ ಚಿತ್ರಗಳನ್ನು) ಮ್ಯಾಕ್ಸಿಮಮ್ ಪ್ರೊಜೆಕ್ಷನ್ ಮಾಡಿ ಒಂದೇ ಚಿತ್ರಕ್ಕೆ ಇಳಿಸಿದರೆ ಅವು ಪೌಚ್‌ನ ಲೆಕ್ಕಕ್ಕೆ ಸೇರಿಬಿಡುತ್ತವೆ. 1 ಮೈಕ್ರೊಮೀಟರ್ ಹೆಜ್ಜೆಯಲ್ಲಿ ಸ್ಟ್ಯಾಕ್ ತೆಗೆದು, ಕಂಬದಂಥ ಕೋಶಗಳ ಸ್ಲೈಸ್‌ಗಳನ್ನು ಮಾತ್ರ ಆಯ್ದುಕೊಳ್ಳಿ. ಕಂಟ್ರೋಲ್ ಮತ್ತು ಪ್ರಯೋಗದ ಡಿಸ್ಕ್‌ಗಳು ಒಂದೇ ಟ್ಯೂಬಿನಲ್ಲಿ ಬಣ್ಣ ಹೀರಲಿ. ಒಂದು ಗುಂಪಿನಲ್ಲಿ ಜಿಎಫ್‌ಪಿ ಇದ್ದರೆ ಆಮೇಲೆ ಬೇರ್ಪಡಿಸಬಹುದು.

ಓದುವುದು

ಆರೋಗ್ಯದ ಡಿಸ್ಕ್ ಹೇಗಿರುತ್ತದೆ ಎಂಬುದು ಮೊದಲು ಕಣ್ಣಿಗೆ ರೂಢಿಯಾಗಲಿ. ಡಿಪಿಪಿ ತಯಾರಾಗುವುದು ಮುಂಭಾಗದಲ್ಲಿ, ಹಿಂಭಾಗದ ಗಡಿಗೆ ಒತ್ತಿಕೊಂಡ ಪಟ್ಟೆಯಲ್ಲಿ. ವಿಚಿತ್ರವೆಂದರೆ ಆ ಪಟ್ಟೆಯಲ್ಲಿಯೇ ಪಿ-ಮ್ಯಾಡ್ ತಗ್ಗು, ಎರಡು ಬದಿಗೆ ಶಿಖರ. ಹೆಡ್ಜ್‌ಹಾಗ್ ಎಂಬ ಇನ್ನೊಂದು ಸಂಕೇತ ಅಲ್ಲಿ ಥಿಕ್‌ವೇನ್ಸ್ ಪ್ರಮಾಣ ಇಳಿಸಿರುವುದೇ ಕಾರಣ. ಲಿಗ್ಯಾಂಡ್ ಹೇರಳವಾಗಿದ್ದೂ ಕೇಳುವ ಕಿವಿ ಕಡಿಮೆ. ನಾಲ್ಕು ಬಾಗಿಲುಗಳಲ್ಲಿ ಎರಡನೆಯದು ಕೆಲಸ ಮಾಡುವುದನ್ನು ಇಲ್ಲಿ ಕಣ್ಣಾರೆ ನೋಡಬಹುದು. ನಿಮ್ಮ ಕಂಟ್ರೋಲ್‌ನಲ್ಲಿ ಈ ತಗ್ಗು ಕಾಣದೆ ಒಂದೇ ಗುಡ್ಡ ಕಂಡರೆ, ಮೈಕ್ರೊಸ್ಕೋಪಿನ ಗೇನ್ ಹೆಚ್ಚಾಗಿ ಪಿಕ್ಸೆಲ್‌ಗಳು ತುಂಬಿಹೋಗಿವೆ ಅಥವಾ ಆಂಟಿಬಾಡಿ ಸರಿಯಿಲ್ಲ.

ಪಿ-ಮ್ಯಾಡ್ ಒಂದನ್ನೇ ಓದಬೇಡಿ. ಜೊತೆಗೆ ಎರಡು ಬಗೆಯ ಗುರಿಜೀನ್ ಬೇಕು: ಸಂಕೇತ ಬಂದಾಗ ಹೊತ್ತಿಕೊಳ್ಳುವ ಸ್ಪಾಲ್ಟ್ ಮತ್ತು ಓಂಬ್, ಸಂಕೇತ ಬಂದಾಗ ಆರುವ ಬ್ರಿಂಕರ್. ಸ್ಪಾಲ್ಟ್‌ಗೆ ಹೆಚ್ಚು ಪಿ-ಮ್ಯಾಡ್ ಬೇಕು, ಹಾಗಾಗಿ ಪಟ್ಟೆ ಕಿರಿದು. ಓಂಬ್‌ಗೆ ಕಡಿಮೆ ಸಾಕು, ಪಟ್ಟೆ ಅಗಲ. ಬ್ರಿಂಕರ್ ಅಂಚುಗಳಲ್ಲಿ ಮಾತ್ರ ಉಳಿದಿರುತ್ತದೆ. ಅದಕ್ಕೆ ಬ್ರಿಂಕರ್-ಲ್ಯಾಕ್‌ಜೆಡ್ ರಿಪೋರ್ಟರ್ (ಜೀನ್ ಎಲ್ಲಿ ಹೊತ್ತಿದೆ ಎಂದು ತೋರಿಸುವ ಗುರುತು) ಸಾಕು. ಈ ಎರಡು ಬಗೆ ಯಾಕೆ ಬೇಕೆಂಬುದು ಸ್ಮ್ಯಾಡ್2 ಬಳಿ ಬಂದಾಗ ಗೊತ್ತಾಗುತ್ತದೆ.

ಥಿಕ್‌ವೇನ್ಸ್ ಕಡಿದಾಗ ಹಿಂಭಾಗದಲ್ಲಿ ಪಿ-ಮ್ಯಾಡ್ ಹೋಗುತ್ತದೆ, ಸ್ಪಾಲ್ಟ್ ಹೋಗುತ್ತದೆ, ಬ್ರಿಂಕರ್ ಗಡಿಯವರೆಗೂ ನುಗ್ಗುತ್ತದೆ. ಇದು ನೇರ ಉತ್ತರ. ಸ್ಯಾಕ್ಸೊಫೋನ್ ಕಡಿದಾಗಿನ ಬದಲಾವಣೆ ಮೆಲ್ಲನೆಯದು, ಡಿಸ್ಕ್‌ಗಳ ಸಂಖ್ಯೆ ಸಾಕಷ್ಟಿಲ್ಲದಿದ್ದರೆ ಕೈಗೆ ಸಿಗದು; ಗುಂಪಿಗೆ 10 ಡಿಸ್ಕ್ ಇಟ್ಟುಕೊಳ್ಳಿ. ಜಿಬಿಬಿಗೆ ಸ್ಯಾಕ್ಸೊಫೋನ್ ಮೇಲೆ, ಡಿಪಿಪಿಗೆ ಥಿಕ್‌ವೇನ್ಸ್ ಮೇಲೆ ಒಲವು ಹೆಚ್ಚು. ಆದರೆ ಜಿಬಿಬಿಯನ್ನು ಹಿಂಭಾಗದಲ್ಲಿ ಮಾತ್ರ ಕಡಿದು ‘ಏನೂ ಆಗಲಿಲ್ಲ’ ಎನ್ನುವುದು ಸಲ್ಲದು. ಜಿಬಿಬಿ ಡಿಸ್ಕ್‌ನ ತುಂಬ ತಯಾರಾಗುತ್ತದೆ, ಮುಂಭಾಗದಿಂದ ಹರಿದು ಬರುತ್ತದೆ. ಡಿಪಿಪಿಯಂತೂ ಹಿಂಭಾಗದಲ್ಲಿ ತಯಾರಾಗುವುದೇ ಇಲ್ಲ, ಅಲ್ಲಿ ಕಡಿಯುವುದಕ್ಕೆ ಏನಿದೆ? ಲಿಗ್ಯಾಂಡನ್ನು ಅದರ ಮೂಲದಲ್ಲಿ ಕಡಿಯಬೇಕು, ರಿಸೆಪ್ಟರನ್ನು ಕೇಳುವ ಕೋಶದಲ್ಲಿ.

ಈಗ ಸ್ಮ್ಯಾಡ್2. ಆಕ್ಟಿವಿನ್ ಕವಲಿನ ಸುದ್ದಿಗಾರ ಇದೊಂದೇ. ಹಾಗಿದ್ದ ಮೇಲೆ ಅದನ್ನು ತೆಗೆದರೂ ಬಬೂನ್ ತೆಗೆದರೂ ಡಿಸ್ಕ್ ಒಂದೇ ರೀತಿ ಕಾಣಬೇಕು. ಕಾಣುವುದಿಲ್ಲ. ಸ್ಮ್ಯಾಡ್2 ಪೂರ್ತಿ ಇಲ್ಲದ ಡಿಸ್ಕ್ ಮುಂದು-ಹಿಂದಿನ ಅಕ್ಷದಲ್ಲಿ ಅಗಲವಾಗಿ ಉಬ್ಬುತ್ತದೆ. ಬಬೂನ್ ಇಲ್ಲದ ಡಿಸ್ಕ್‌ನಲ್ಲಿ ಆ ಉಬ್ಬು ಇಲ್ಲ. ಎರಡನ್ನೂ ತೆಗೆದರೆ ಬಬೂನ್ ತೆಗೆದದ್ದರಂತೆಯೇ ಕಾಣುತ್ತದೆ. ಅಂದರೆ ಉಬ್ಬಿಸುತ್ತಿರುವುದು ಬಬೂನ್, ಸ್ಮ್ಯಾಡ್2 ಇಲ್ಲದಿರುವಾಗ.

ನಡೆಯುವುದಿಷ್ಟು. ಬಬೂನ್‌ನ ಕೈನೇಸ್ ಭಾಗಕ್ಕೆ ಸ್ಮ್ಯಾಡ್2 ಬಂದು ಕೂರುತ್ತದೆ. ಆ ಕುರ್ಚಿ ಸದಾ ಭರ್ತಿ, ಹಾಗಾಗಿ ಮ್ಯಾಡ್‌ಗೆ ಜಾಗ ಸಿಗುವುದಿಲ್ಲ. ಸ್ಮ್ಯಾಡ್2 ತೆಗೆದರೆ ಕುರ್ಚಿ ಖಾಲಿ, ಮ್ಯಾಡ್ ಬಂದು ಕೂರುತ್ತದೆ, ಬಬೂನ್ ಅದಕ್ಕೂ ಫಾಸ್ಫೇಟ್ ಅಂಟಿಸುತ್ತದೆ. ಆಕ್ಟಿವಿನ್ ರಿಸೆಪ್ಟರ್ ಬಿಎಂಪಿಯ ಭಾಷೆ ಮಾತಾಡತೊಡಗುತ್ತದೆ. ಜೀನ್ ಹೊತ್ತಿಸುವ ಶಕ್ತಿ ಕಳೆದುಕೊಂಡು ಬಬೂನ್‌ಗೆ ಅಂಟುವ ಶಕ್ತಿ ಮಾತ್ರ ಉಳಿಸಿಕೊಂಡ ಸ್ಮ್ಯಾಡ್2 ಕೊಟ್ಟರೂ ಡಿಸ್ಕ್ ಸರಿಹೋಗುತ್ತದೆ ಎಂಬುದು ಇದಕ್ಕೆ ಗಟ್ಟಿ ಸಾಕ್ಷಿ.

ಎಡವುವುದು ಇಲ್ಲಿಯೇ. ಈ ಡಿಸ್ಕ್‌ಗೆ ಪಿ-ಮ್ಯಾಡ್ ಬಣ್ಣ ಹಾಕಿದರೆ ಪಟ್ಟೆ ಅಗಲವಾಗಿರಬೇಕು ಎಂದು ಕಾಯುತ್ತೀರಿ, ಆದರೆ ಅದು ಕಿರಿದಾಗಿ, ಅಂಚು ಚೂಪಾಗಿ ಕಾಣುತ್ತದೆ. ಹೊತ್ತಿಕೊಳ್ಳುವ ಗುರಿಜೀನ್‌ಗಳ ಪಟ್ಟೆಯೂ ಕಿರಿದು. ಇಷ್ಟನ್ನೇ ನೋಡಿದವರು ‘ಬಿಎಂಪಿ ಸಂಕೇತ ಕುಗ್ಗಿದೆ’ ಎಂದು ಬರೆಯುತ್ತಾರೆ. ಬ್ರಿಂಕರ್ ರಿಪೋರ್ಟರ್ ನೋಡಿ: ಅಂಚುಗಳಲ್ಲಿ ಇರಬೇಕಾದದ್ದು ಸಂಪೂರ್ಣ ಆರಿಹೋಗಿರುತ್ತದೆ, ಸಂಕೇತ ಎಲ್ಲೆಡೆ ಹೆಚ್ಚಾದಂತೆ. ಎರಡೂ ನಿಜ. ಬಬೂನ್ ಅಂಚಿನ ಕೋಶಗಳಲ್ಲಿ ಅಂಟಿಸುವ ಅಲ್ಪಸ್ವಲ್ಪ ಫಾಸ್ಫೇಟ್ ಬ್ರಿಂಕರನ್ನು ಆರಿಸಲು ಸಾಕು, ಸ್ಪಾಲ್ಟ್ ಹೊತ್ತಿಸಲು ಸಾಲದು. ಬ್ರಿಂಕರ್‌ನಂತೆಯೇ ಪೆಂಟಗೋನ್ ಎಂಬ ಜೀನೂ ಆರುತ್ತದೆ; ಡಿಪಿಪಿ ದೂರ ತಲುಪಲು ನೆರವಾಗುವ ಪ್ರೋಟೀನ್ ಅದರದ್ದು, ಹಾಗಾಗಿ ನಡುವಿನ ಪಟ್ಟೆ ಮೊಟಕಾಗುತ್ತದೆ. ಒಂದೇ ಡಿಸ್ಕ್‌ನಲ್ಲಿ ಒಂದು ಅಳತೆಗೋಲು ಇಳಿತ ತೋರಿಸುತ್ತದೆ, ಇನ್ನೊಂದು ಏರಿಕೆ.

ಆದ್ದರಿಂದ ಸ್ಮ್ಯಾಡ್2 ಮುಟ್ಟುವ ಯಾವ ಪ್ರಯೋಗಕ್ಕೂ ಜೋಡಿ ಕಡಿತಗಳು ಕಡ್ಡಾಯ: ಸ್ಮ್ಯಾಡ್2 ಜೊತೆ ಬಬೂನ್, ಸ್ಮ್ಯಾಡ್2 ಜೊತೆ ಮ್ಯಾಡ್, ಸಾಧ್ಯವಾದರೆ ಸ್ಮ್ಯಾಡ್2 ಜೊತೆ ಷ್ನೂರಿ (ಮ್ಯಾಡ್ ಜೊತೆ ಸೇರಿ ಬ್ರಿಂಕರನ್ನು ಆರಿಸುವ ಪ್ರೋಟೀನ್). ಮೂರರಲ್ಲೂ ಬ್ರಿಂಕರ್ ಮರಳಿ ಬಂದರೆ ಅದನ್ನು ಆರಿಸಿದ್ದು ಬಬೂನ್-ಮ್ಯಾಡ್ ದಾರಿ. ಆರ್‌ಎನ್‌ಎಐನಿಂದ ಸ್ಮ್ಯಾಡ್2 ಅರ್ಧಂಬರ್ಧ ಇಳಿದರೆ ಕುರ್ಚಿ ಪೂರ್ತಿ ಖಾಲಿಯಾಗದೆ ಈ ಯಾವುದೂ ಕಾಣದಿರಬಹುದು. ಅಂಥಲ್ಲಿ ನಲ್ ಮ್ಯುಟೆಂಟ್ (ಆ ಜೀನ್ ಪೂರ್ತಿ ಕೆಟ್ಟಿರುವ ನೊಣ) ಬಳಸಿ.

ಜೋಡಿ ಕಡಿತದಲ್ಲಿ ಒಂದು ಲೆಕ್ಕ ತಪ್ಪುತ್ತದೆ, ಅದೂ ಅನುಭವಸ್ಥರಿಗೇ. ಗ್ಯಾಲ್4 ಪ್ರಮಾಣ ಸೀಮಿತ. ಒಂದು ಯುಎಎಸ್ ಇರುವಲ್ಲಿ ಎರಡಾದರೆ ಹಂಚಿಹೋಗಿ ಎರಡೂ ಆರ್‌ಎನ್‌ಎಐ ಸಪ್ಪೆಯಾಗುತ್ತವೆ. ಬಬೂನ್ ಸೇರಿಸಿದ್ದಕ್ಕೆ ದೋಷ ಕಡಿಮೆಯಾಯಿತೋ, ಸ್ಮ್ಯಾಡ್2 ಕಡಿತವೇ ದುರ್ಬಲವಾಯಿತೋ ಹೇಳಲಾಗದು. ಹೋಲಿಕೆಯ ಗುಂಪಿಗೆ ಸ್ಮ್ಯಾಡ್2 ಆರ್‌ಎನ್‌ಎಐ ಜೊತೆ ಯುಎಎಸ್-ಜಿಎಫ್‌ಪಿ ಅಥವಾ ಎಂಚೆರಿ ಆರ್‌ಎನ್‌ಎಐ ಸೇರಿಸಿ, ಎಲ್ಲ ನೊಣಗಳಲ್ಲೂ ಯುಎಎಸ್ ಸಂಖ್ಯೆ ಸಮ ಮಾಡಿ.

ಬಬೂನ್‌ನಲ್ಲೇ ಮೂರು

ಆಕ್ಟಿವಿನ್ ಕವಲಿನೊಳಗೆ ಯಾವ ಲಿಗ್ಯಾಂಡ್ ಎಂಬ ಪ್ರಶ್ನೆಗೆ ಕೋಶ ಕಂಡುಕೊಂಡ ಉಪಾಯ ಚೆಂದ. ಬಬೂನ್ ಜೀನ್ ಒಂದೇ. ಲಿಗ್ಯಾಂಡ್ ಹಿಡಿಯುವ ಹೊರಭಾಗದ ಎಕ್ಸಾನ್ (ಪ್ರೋಟೀನಿನ ಆ ಭಾಗವನ್ನು ಬರೆದಿರುವ ಜೀನಿನ ತುಣುಕು) ಮಾತ್ರ ಮೂರು ಬಗೆ. ಎ ರೂಪ ಮಯೋಗ್ಲಿಯಾನಿನ್‌ಗೆ, ಬಿ ರೂಪ ಆಕ್ಟಿವಿನ್-ಬೀಟಾಕ್ಕೆ, ಸಿ ರೂಪ ಡಾಡಲ್‌ಗೆ ಕಿವಿಗೊಡುತ್ತದೆ. ಮಿದುಳಿನ ಅಣಬೆಕಾಯದ ನರಕೋಶಗಳು ಗ್ಲಿಯಾ (ನರಕೋಶಗಳಿಗೆ ನೆರವಾಗುವ ಕೋಶಗಳು) ಸ್ರವಿಸಿದ ಮಯೋಗ್ಲಿಯಾನಿನ್ ಕೇಳಿಸಿಕೊಳ್ಳುವುದು ಬಬೂನ್-ಎ ಮೂಲಕ. ಒಳಭಾಗ ಮೂರಕ್ಕೂ ಒಂದೇ ಆದ್ದರಿಂದ ಸ್ಮ್ಯಾಡ್2 ನೋಡಿ ಭೇದ ತಿಳಿಯದು. ನಿಮ್ಮ ಅಂಗಾಂಶದಿಂದ ಆರ್‌ಎನ್‌ಎ ತೆಗೆದು, ಆ ಮೂರು ಎಕ್ಸಾನ್‌ಗಳಿಗೆ ಬೇರೆಬೇರೆ ಪ್ರೈಮರ್ ಹಾಕಿ ಯಾವ ರೂಪ ಇದೆ ಎಂದು ಮೊದಲು ನೋಡಿ. ಇಲ್ಲದ ರೂಪಕ್ಕೆ ಆರ್‌ಎನ್‌ಎಐ ಕ್ರಾಸ್ ಮಾಡಿ ತಿಂಗಳು ಕಳೆಯುವುದು ತಪ್ಪುತ್ತದೆ. ಸಾಮಾನ್ಯ ಭಾಗಕ್ಕೆ ಗುರಿಯಿಟ್ಟ ಲೈನ್ ಮೂರನ್ನೂ ಕಡಿಯುತ್ತದೆ ಎಂಬುದೂ ನೆನಪಿರಲಿ.

ಎಫ್‌ಜಿಎಫೋ ಇಜಿಎಫೋ

ಎಫ್‌ಜಿಎಫ್, ಇಜಿಎಫ್ ಎಂಬ ಬೆಳವಣಿಗೆಯ ಸಂಕೇತಗಳನ್ನು ಹಿಡಿಯುವ ಟೈರೊಸಿನ್ ಕೈನೇಸ್ ರಿಸೆಪ್ಟರ್‌ಗಳ ಕಥೆ ಇನ್ನೂ ಕಷ್ಟ. ಇಜಿಎಫ್‌ಆರ್ ಆಗಲಿ, ಎಫ್‌ಜಿಎಫ್ ರಿಸೆಪ್ಟರ್‌ಗಳಾದ ಹಾರ್ಟ್‌ಲೆಸ್, ಬ್ರೆತ್‌ಲೆಸ್ ಆಗಲಿ, ಎಲ್ಲವೂ ರಾಸ್ ಮೂಲಕ ಇಆರ್‌ಕೆಗೇ ಬಂದು ಸೇರುತ್ತವೆ. ಡಿಪಿ-ಇಆರ್‌ಕೆ ಬಣ್ಣದಲ್ಲಿ ಭೇದವೇ ಇಲ್ಲ. ಆದರೆ ನೊಣ ಒಂದು ಕೊಂಡಿಯನ್ನು ಬಿಟ್ಟುಕೊಟ್ಟಿದೆ: ಡಾಫ್. ಎಫ್‌ಜಿಎಫ್ ರಿಸೆಪ್ಟರ್ ಎರಡಕ್ಕೂ ಈ ಪ್ರೋಟೀನ್ ಬೇಕೇ ಬೇಕು, ಇಜಿಎಫ್‌ಆರ್‌ಗೆ ಬೇಡ. ಡಾಫ್ ಕಡಿದಾಗ ಡಿಪಿ-ಇಆರ್‌ಕೆ ಆರಿದರೆ ಎಫ್‌ಜಿಎಫ್. ಉಳಿದರೆ ಇಜಿಎಫ್‌ಆರ್ ಕಡಿದು ನೋಡಿ.

ರೆಕ್ಕೆ ಡಿಸ್ಕ್‌ನ ನೋಟಮ್ (ಮುಂದೆ ಎದೆಯ ಬೆನ್ನಿನ ಕಡೆಯಾಗುವ ಭಾಗ) ಇದನ್ನು ಕಲಿಯಲು ಒಳ್ಳೆಯ ಜಾಗ. ಎಪಿಥೀಲಿಯಂ ಕೆಳಗೆ ವಯಸ್ಕ ಸ್ನಾಯುವಿನ ಮೂಲಕೋಶಗಳಿವೆ. ಅವುಗಳಲ್ಲಿ ಹಾರ್ಟ್‌ಲೆಸ್ ಇದೆ, ಮೇಲಿನ ಎಪಿಥೀಲಿಯಂ ಥಿಸ್ಬೆ ಮತ್ತು ಪಿರಮಸ್ ಎಂಬ ಎಫ್‌ಜಿಎಫ್‌ಗಳನ್ನು ಸ್ರವಿಸುತ್ತದೆ. 1151-ಗ್ಯಾಲ್4 ಆ ಮೂಲಕೋಶಗಳಲ್ಲಿ ಕೆಲಸ ಮಾಡುತ್ತದೆ. ಆ ಮೂಲಕೋಶಗಳಲ್ಲಿರುವ ಟ್ವಿಸ್ಟ್ ಎಂಬ ಪ್ರೋಟೀನಿನ ಆಂಟಿಬಾಡಿಯಿಂದ ಅವನ್ನು ಗುರುತಿಸಿ, ಡಿಪಿ-ಇಆರ್‌ಕೆಯನ್ನು ಟ್ವಿಸ್ಟ್ ಇರುವ ಕೋಶಗಳಲ್ಲಿ ಮಾತ್ರ ಅಳೆಯಿರಿ. ಪದರ ಪದರದ ಮೇಲೆ ಇರುವುದರಿಂದ ಅಡ್ಡ ನೋಟ ತೆಗೆಯದೆ ಯಾವ ಪದರದ್ದೆಂದು ತಿಳಿಯದು.

ಅದೇ ಜಾಗದಲ್ಲಿ ಮೊದಲ ಬಾಗಿಲು, ಅಂದರೆ ಲಿಗ್ಯಾಂಡ್ ತಲುಪುವ ದಾರಿ, ಎಷ್ಟು ನಿಖರ ಎಂಬುದೂ ಕಾಣುತ್ತದೆ. ಡಿಸ್ಕ್‌ಗೆ ಅಂಟಿರುವ ಟ್ರೇಕಿಯಾದ ಗಾಳಿಚೀಲದ ಮೊಳಕೆ ಸೈಟೊನೀಮ್ ಎಂಬ ತೆಳುವಾದ ಕೈಗಳನ್ನು ಚಾಚುತ್ತದೆ. ಕೆಲವು ಕೈಗಳಲ್ಲಿ ಬ್ರೆತ್‌ಲೆಸ್ ಇದ್ದು ಬ್ರ್ಯಾಂಚ್‌ಲೆಸ್ ಎಂಬ ಎಫ್‌ಜಿಎಫ್ ತಯಾರಿಸುವ ಕೋಶಗಳತ್ತ ಹೋಗುತ್ತವೆ, ಬೇರೆ ಕೈಗಳಲ್ಲಿ ಥಿಕ್‌ವೇನ್ಸ್ ಇದ್ದು ಡಿಪಿಪಿ ಕಡೆ ಹೋಗುತ್ತವೆ ಎಂದು 2011ರಲ್ಲಿ ತೋರಿಸಲಾಯಿತು. ಇವನ್ನು ಫಿಕ್ಸ್ ಮಾಡಿ ನೋಡಲು ಹೊರಟರೆ ಮುರಿದುಹೋಗುತ್ತವೆ. ಪೊರೆಗೆ ಅಂಟುವ ಜಿಎಫ್‌ಪಿ ಹಾಕಿ ಜೀವಂತ ಡಿಸ್ಕ್‌ನಲ್ಲೇ ಚಿತ್ರ ತೆಗೆಯಿರಿ.

ಡಾಮಿನಂಟ್-ನೆಗೆಟಿವ್ (ತಾವೇ ಕೆಟ್ಟಿದ್ದು ಸರಿಯಿರುವವನ್ನೂ ತಡೆಯುವ) ರಿಸೆಪ್ಟರ್‌ಗಳನ್ನು ಈ ಕೆಲಸಕ್ಕೆ ನೆಚ್ಚಿಕೊಳ್ಳದಿರುವುದು ಲೇಸು. ಪೊರೆಯ ಮೇಲೆ ವಿಪರೀತ ಪ್ರಮಾಣದಲ್ಲಿ ಕೂತ ಅವು ಲಿಗ್ಯಾಂಡನ್ನೇ ಹೀರಿಬಿಡುತ್ತವೆ, ಪಕ್ಕದ ಆರೋಗ್ಯವಂತ ಕೋಶವೂ ಹಸಿಯುತ್ತದೆ. ಲಿಗ್ಯಾಂಡ್ ಅತಿಯಾಗಿ ತಯಾರಿಸಿ ನೋಡುವ ಪ್ರಯೋಗಕ್ಕೂ ಇದೇ ಮಾತು: ಮಿತಿಮೀರಿದ ಲಿಗ್ಯಾಂಡ್ ತನ್ನದಲ್ಲದ ರಿಸೆಪ್ಟರನ್ನೂ ತಟ್ಟುತ್ತದೆ. ಸದಾ ಎದ್ದಿರುವ ರಿಸೆಪ್ಟರ್‌ಗಳಿಂದ, ಉದಾಹರಣೆಗೆ ಥಿಕ್‌ವೇನ್ಸ್-ಕ್ಯೂಡಿ ಅಥವಾ ಲ್ಯಾಮ್ಡಾ ಹಾರ್ಟ್‌ಲೆಸ್‌ನಿಂದ, ತಿಳಿಯುವುದು ಕೋಶ ಏನನ್ನು ಮಾಡಬಲ್ಲದು ಎಂದು. ಏನನ್ನು ಮಾಡುತ್ತಿತ್ತು ಎಂದಲ್ಲ.

ಉಳಿದದ್ದು ನಾಲ್ಕನೆಯ ಬಾಗಿಲು, ಅಂದರೆ ಕೋಶಕೇಂದ್ರದಲ್ಲಿ ಯಾವ ಜೀನ್ ಓದಿಸಿಕೊಳ್ಳುತ್ತದೆ ಎಂಬುದು. ಭ್ರೂಣದ ಬೆನ್ನಿನ ಕಡೆಯ ಮೀಸೋಡರ್ಮ್‌ನಲ್ಲಿ ಈವ್ ಜೀನ್ ಹೊತ್ತಿಕೊಳ್ಳಲು ರಾಸ್ ದಾರಿಯ ಪಾಯಿಂಟೆಡ್ ಪ್ರೋಟೀನ್ ಒಂದೇ ಸಾಲದು. ಆ ಜೀನಿನ ಎನ್‌ಹಾನ್ಸರ್ (ಅದನ್ನು ಹೊತ್ತಿಸುವ ಡಿಎನ್‌ಎ ತುಣುಕು) ಮೇಲೆ ಮ್ಯಾಡ್, ವಿಂಗ್‌ಲೆಸ್ ಎಂಬ ಸಂಕೇತದ ಕಡೆಯ ಟಿಸಿಎಫ್, ಜೊತೆಗೆ ಟ್ವಿಸ್ಟ್ ಮತ್ತು ಟಿನ್‌ಮ್ಯಾನ್ ಕೂರಬೇಕು. ಇದನ್ನು ಪರೀಕ್ಷಿಸಲು ಎನ್‌ಹಾನ್ಸರ್ ತುಣುಕನ್ನು ರಿಪೋರ್ಟರ್‌ಗೆ ಜೋಡಿಸಿ, ಒಂದೊಂದು ಅಂಟುತಾಣವನ್ನೂ ಕೆಡಿಸಿದ ರೂಪಗಳನ್ನು ಕ್ರೋಮೊಸೋಮಿನ ಒಂದೇ ಜಾಗದಲ್ಲಿ ಕೂರಿಸಿ ಹೋಲಿಸಿ. ಕಂಡಕಂಡಲ್ಲಿ ಕೂತ ತುಣುಕುಗಳನ್ನು ಹೋಲಿಸಿದರೆ ಅಂಟುತಾಣದ ಬದಲು ಅಕ್ಕಪಕ್ಕದ ಜೀನ್‌ಗಳ ಪ್ರಭಾವವನ್ನೇ ಅಳೆದಂತಾಗುತ್ತದೆ.